ಕಂಸದ ಹೊರಗಿನ ಎರಡು

ಫೆಬ್ರವರಿ ಬಂತೆಂದರೆ ತಿಕೋಟಾದ ನನ್ನ ಒಂಬತ್ತನೆಯ ಕ್ಲಾಸು
ಅರ್ಧ ಖಾಲಿ. ದ್ರಾಕ್ಷಿ ಕೊಯ್ಲು.
ಬೋರ್ಡಿನ ಮೇಲೆ ನೈಟ್ರೇಟ್, ಕಾರ್ಬೊನೇಟ್, ಸಲ್ಫೇಟ್
ಯಾರೂ ಓಗೊಡದ ಹಾಜರಿಯ ಹಾಗೆ.

ಶಮಶಾದ್ ನದಾಫಳ ಉತ್ತರಪತ್ರಿಕೆ ನನ್ನ ಚೀಲದಲ್ಲಿತ್ತು.
ಅರಳಿದ ಸುಣ್ಣದ ಸೂತ್ರ ಬರೆ ಅಂದರೆ
ಸಿಎ, ಓ, ಎಚ್, ಕೆಳಗೆ ಎರಡು.
ಕಂಸ ಇಲ್ಲ.
ಅರ್ಧ ಅಂಕ ಕತ್ತರಿಸಿದ್ದೆ.
ಅದೇ ಕಾಡಿತೋ, ಸ್ಕೂಟಿಯಲ್ಲಿ ಪೆಟ್ರೋಲು ಉಳಿದಿತ್ತೋ,
ಸಂಜೆ ಅವರ ಶೆಡ್ಡಿಗೇ ಹೋದೆ.

ಹಸಿರು ನೆಟ್ಟು, ಅಂತಸ್ತು ಅಂತಸ್ತು ಜಾಳಿಗೆ,
ಒಣದ್ರಾಕ್ಷಿಯಾಗಲು ಕಾದು ಮಲಗಿದ ಗೊಂಚಲು.
ಬುಟ್ಟಿ ಅದ್ದುವ ನೀರಿನ ಮೇಲೆ ಎಣ್ಣೆಯ ಕಣ್ಣು.
ಮೊಣಕೈತನಕ ಬೆಳ್ಳಗಾದ ಕೈ ದುಪಟ್ಟಕ್ಕೆ ಒರೆಸುತ್ತ
'ಬರ್ರಿ ಟೀಚರ್' ಅಂದಳು.
'ಈ ಚೀಲದ ಮ್ಯಾಲೂ ಬರದಾರ್ರಿ.
ಕೆ ಎರಡು, ಸಿ, ಓ ಮೂರು. ಇದಕ್ಕ್ಯಾಕ ಕಂಸ ಇಲ್ರಿ?'

'ಕಾರ್ಬೊನೇಟ್ ಅಲ್ಲಿ ಒಂದೇ ಅದ.
ಒಂದೇ ಇದ್ದರ ಕಂಸ ಬ್ಯಾಡ.'

'ಕಂಸ ಅಂತ ಹೆಸರರೆ ಯಾಕ ಇಟ್ರಿ?
ಆಟದಾಗ ನೋಡೀನಿ, ದೇವಕೀನ ಜೇಲಿಗೆ ಹಾಕಿದಾಂವ.'

ಹನ್ನೆರಡು ವರ್ಷ ಕಲಿಸಿದ್ದೇನೆ.
ಈ ಪ್ರಶ್ನೆ ಯಾವ ಬೆಂಚಿನಿಂದಲೂ ಬಂದಿರಲಿಲ್ಲ.

ಮೊಳೆಗೆ ತೂಗಿದ ಲೆಕ್ಕದ ಬುಕ್ಕು ತೆರೆದೆ.
'ಕಾಶಿಬಾಯಿ ಗ್ಯಾಂಗ್, ಎರಡು ದಿನ.'
ಗ್ಯಾಂಗ್ ಅಂದರೆ ಯಾರ್ಯಾರು?
ಕಾಶಿಬಾಯಿ, ದುಂಡವ್ವ, ಹುಸೇನಬಿ, ನಾನು.
ಒಂದೇ ಟಂಟಂನಾಗ ಬರ್ತೀವಿ, ಒಂದೇ ಟಂಟಂನಾಗ ಹೋಗ್ತೀವಿ,
ಒಬ್ಬಾಕಿನ್ನ ಬಿಟ್ಟು ಒಬ್ಬಾಕಿ ಯಾವ ತ್ವಾಟಕ್ಕೂ ಹೋಗಂಗಿಲ್ಲ.

ಸೀಮೆಸುಣ್ಣ ಇರಲಿಲ್ಲ. ಅದೇ ನೀರಿಗೆ ಬೆರಳು ಅದ್ದಿ
ಗೋಡೆಯ ತಗಡಿನ ಮೇಲೆ ನಾಲ್ಕು ಹೆಸರು ಬರೆದೆ,
ಕೊನೆಯ ಹೆಸರಿನ ಕಾಲ ಬಳಿ ಸಣ್ಣದೊಂದು ಎರಡು.
'ಎರಡು ದಿನದ ಪಗಾರ ಯಾರಿಗೆ ಹತ್ತಿತು?'

ನೋಡಿದಳು. 'ನನಗಷ್ಟ.'
'ಉಳಿದ ಮೂವರಿಗೆ?'
'ಒಂದs ದಿನದ್ದು.'

ಆಮೇಲೆ ಅವಳೇ ಬೆರಳು ಅದ್ದಿ
ಎಡಕ್ಕೊಂದು ಬಾಗಿದ ಗೆರೆ, ಬಲಕ್ಕೊಂದು,
ನನ್ನ ಎರಡನ್ನು ಅಳಿಸಿ ಹೊರಗೆ ಬರೆದಳು.
'ಅಂದ್ರ ಮೊನ್ನೆ ನಾ ಬರದದ್ದರಾಗ
ಆ ಓಗೆ ಒಂದು ದಿನದ ಪಗಾರ ಮುಳುಗಿತ್ರಿ, ಪಾಪ.'

ಹೆಸರು ಹೇಳುವಾಗ ಎರಡು ಅನ್ನಬಾರದು ಅಂದೆ.
ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಷ್ಟೇ.
ಮೊದಲು ಲೋಹ, ಆಮೇಲೆ ಗುಂಪು.
ಎಷ್ಟು ಅನ್ನುವುದು ವೇಲೆನ್ಸಿ ಬಲ್ಲವರಿಗೆ ಗೊತ್ತು.
'ನಮ್ಮ ಬುಕ್ಕಿನಾಗೂ ಹಂಗs. ಮೊದಲು ಮಾಲಕರು, ಆಮ್ಯಾಲೆ ನಾವು.
ಗುಂಪು ಮೊದಲು ಬರೂದು ಎಲ್ಲೂ ಇಲ್ಲೇನ್ರಿ?'

ಮೂಲೆಯ ಗೊಬ್ಬರದ ಚೀಲ ತೋರಿಸಿದೆ. ಅಮೋನಿಯಂ ಸಲ್ಫೇಟ್.
ಕಂಸ ತೆರೆದು ಎನ್, ಎಚ್ ನಾಲ್ಕು, ಕಂಸ ಮುಚ್ಚಿ ಎರಡು,
ಆಮೇಲೆ ಉಳಿದದ್ದು.
ಗಟ್ಟಿಯಾಗಿ ಓದಿದಳು. ಮತ್ತೊಮ್ಮೆ ಓದಿದಳು.
ದುಂಡವ್ವ ಬುಟ್ಟಿ ಕೆಳಗಿಟ್ಟು ಕೇಳಿಸಿಕೊಂಡಳು.

'ನಾಳೆ ಹುಸೇನಬಿ ಬರಂಗಿಲ್ರಿ, ಮೊಮ್ಮಗ ಹುಟ್ಯಾನ.'
ಒಂದು ಆಕ್ಸಿಜನ್ ಬಿಟ್ಟರೆ ಸಲ್ಫೇಟು ಸಲ್ಫೈಟು,
ಹೆಸರಿನ ಬಾಲ ಬದಲು, ಆವೇಶ ಮಾತ್ರ
ಮೊದಲಿನಂತೆ ಎರಡೇ ಅಂದೆ.
'ಅಂದ್ರ ನಾಕು ಮಂದಿ ಕೆಲಸ ಮೂರು ಮಂದಿ ಮಾಡಬೇಕು.'
ಅದು ಪಾಠದಲ್ಲಿಲ್ಲ ಅಂದೆ.
'ಶೆಡ್ಡಿನಾಗ ಐತ್ರಿ' ಅಂದಳು ಕಾಶಿಬಾಯಿ, ತಿರುಗದೆ.

ಟಂಟಂ ಹಾರ್ನ್ ಹಾಕಿತು. ನಾಲ್ವರೂ ಹೋದರು.
ತಗಡಿನ ಮೇಲೆ ಒದ್ದೆ ಆರಿ
ಹೆಸರುಗಳು ಬೆಳ್ಳಗೆ ಮೂಡತೊಡಗಿದ್ದವು,
ಕಂಸ ಕೊನೆಗೆ.

ದಾರಿಯಲ್ಲಿ ಬ್ರೇಕು ಹಿಡಿದಾಗ ಗೊತ್ತಾಯಿತು,
ಬೆರಳ ತುದಿ ಬಿಗಿದು ಚುರುಗುಟ್ಟುತ್ತಿತ್ತು.
ನನ್ನದು ಒಂದು ಬೆರಳು,
ಹತ್ತು ನಿಮಿಷ.