ಮೇಯೋ ಊರಿನ ಹಸು

ಕಲ್ಪಳ್ಳಿ ಸ್ಮಶಾನದ ಕಚೇರಿಯಲ್ಲಿ ನಾನು ಇನ್ನಾಸಪ್ಪ,
ಸತ್ತವರ ವಿಳಾಸಗಳ ಗುಮಾಸ್ತ.
ಮಂಗಳವಾರ ಹತ್ತೂವರೆಗೆ ಒಬ್ಬಾಕೆ ಬಂದಳು,
ಬಿಸಿಲಿಗೆ ಮೂಗು ಕೆಂಪಾದವಳು, ಹೆಸರು ನುವಾಲಾ.
ಹುಡುಕುತ್ತಿದ್ದದ್ದು ಮುತ್ತಜ್ಜಿಯ ಅಣ್ಣನನ್ನು:
ಮಾರ್ಟಿನ್ ಡೆವನಿ, ಮೊದಲು ಸಿಪಾಯಿ, ಆಮೇಲೆ ರೈಲಿನ ಗಾರ್ಡು.
ಯಾವೂರು ಅಂದೆ. ಐರ್ಲೆಂಡಿನ ಮೇಯೋ ಅಂದಳು.

ನನಗೆ ನಗು ಬಂತು.
ಮೇಯೋ ಅಂದರೆ ನನಗೆ ಮೇಯೋ ಹಾಲು, ಅಲ್ಲಿನ ಕೋರ್ಟು,
ಬಾಡಿಗೆ ಮನೆಯ ದಾವೆಗೆ ಎರಡು ವರ್ಷ ಸವೆಸಿದ ಮೆಟ್ಟಿಲು.
ಅದಕ್ಕೂ ಮುಂಚೆ, ಅಮ್ಮನ ಬಾಯಲ್ಲಿ,
ಮೇಯೋದು ಅಂದರೆ ದನಗಳ ಕೆಲಸ.
ಹರುಕುಮುರುಕು ಇಂಗ್ಲಿಷಿನಲ್ಲಿ ಇದನ್ನೇ ಹೇಳಿದೆ.
ಅವಳು ನಗಲಿಲ್ಲ. ಚೀಲದಿಂದ ಒಂದು ಕಟ್ಟು ಕಾಗದ ತೆಗೆದಳು:
ಹೌದು, ಅಲ್ಲೊಂದು ಹಸು ಇತ್ತು.

ಅದನ್ನು ಕೊಂಡದ್ದು ಇಲ್ಲಿಂದ ಹೋದ ದುಡ್ಡು.
ಪಲ್ಟನ್ನಿನ ಖಜಾನೆಯಿಂದ ಮೂರು ತಿಂಗಳಿಗೊಮ್ಮೆ ಎರಡು ಪೌಂಡು.
ಮೊದಲು ಜಮೀನ್ದಾರನ ಬಾಕಿ ತೀರಿತು, ಆಮೇಲೆ ಹಸು,
ಹುಲ್ಲಿನ ಮಾಡು ಹೋಗಿ ಕಲ್ಲಿನ ಹೆಂಚು ಬಂತು,
ಬ್ರಿಜಿಗೆ ಬಾಸ್ಟನ್ನಿನ ಹಡಗಿನ ಟಿಕೇಟು.
ಬ್ರಿಜಿ ಅಲ್ಲಿ ಯಾರದೋ ಮನೆಯ ತಟ್ಟೆ ತೊಳೆದು ತಮ್ಮನನ್ನು ಕರೆಸಿಕೊಂಡಳು,
ತಮ್ಮ ಇನ್ನೊಬ್ಬಳನ್ನು.
ಚಿಕ್ಕವಳು, ಇವಳ ಮುತ್ತಜ್ಜಿ, ಊರಲ್ಲೇ ಉಳಿದು ಹಾಲು ಕರೆದಳು.
ಕೊನೆಗೆ ಊರವರು ಪಾಲು ಹಾಕಿ ಬೆಣ್ಣೆಯ ಡೈರಿ ಕಟ್ಟಿದಾಗ
ಮೊದಲ ಹತ್ತು ಷೇರು ಹೊರಗಿದ್ದವರ ಹೆಸರಲ್ಲಂತೆ,
ಒಂದು ಸಭೆಗೂ ಬರಲಾಗದ ಹತ್ತು ಜನ.

ಒಂದು ಕಾಗದದ ತಾರೀಕು ನೋಡಿದೆ.
ಸಾವಿರದ ಎಂಟುನೂರ ಎಪ್ಪತ್ತೇಳು.
ನಮ್ಮಲ್ಲಿ ಅದಕ್ಕೆ ಇಸವಿ ಬೇಕಿಲ್ಲ,
ಧಾತು ಈಶ್ವರ ಅಂದರೆ ಸಾಕು,
ಅಜ್ಜಿ ತಟ್ಟೆಗಂಟಿದ ಕೊನೇ ಅಗುಳನ್ನೂ ಬಳಿದು ತಿನ್ನುತ್ತಿದ್ದಳು.
ಮಾರ್ಟಿನ್ ಬರೆದಿದ್ದಾನೆ:
"ದಂಡಿನ ಸ್ಟೇಷನ್ನಿನ ಹೊರಗೆ ಜನ ಕೂತಿದ್ದಾರೆ,
ಅಪ್ಪ ಹೇಳುತ್ತಿದ್ದರಲ್ಲ, ನಮ್ಮೂರವರು ಕೂತಿದ್ದ ಹಾಗೇ,
ಹುಲ್ಲು ಮೇಯ್ದು ತುಟಿಯ ಸುತ್ತ ಹಸಿರು.
ಇದರ ಜೊತೆ ಎರಡು ಪೌಂಡಿದೆ.
ಹಸುವಿಗೆ ಮೇವು ಸಾಲದಿದ್ದರೆ ತಿಳಿಸಿ."

ಓದಿ ನಿಲ್ಲಿಸಿದಳು. ಹೊರಗೆ ನೀರಿನ ಟ್ಯಾಂಕರು
ಹಿಂದೆ ಹಿಂದೆ ಬರುತ್ತ ಕಿರುಚುತ್ತಿತ್ತು.
ಗುಮಾಸ್ತನ ಬುದ್ಧಿ, ತಲೆಯೊಳಗೇ ಲೆಕ್ಕ ಹಾಕಿದೆ:
ಎರಡು ಪೌಂಡಿಗೆ ಆಗ ಎಷ್ಟು ಪಲ್ಲ ರಾಗಿ?
ಪಲ್ಟನ್ನಿಗೆ ಸಂಬಳ ಬಂದದ್ದು ಯಾರ ಕಂದಾಯದಿಂದ?
ಅವನು ಕದಿಯಲಿಲ್ಲ. ದುಡಿದ, ಕಳಿಸಿದ.
ಆದರೂ ಆ ಹಸುವಿನ ಒಂದು ಮೊಲೆ
ನಮ್ಮ ಕಡೆಗೂ ತಿರುಗಬೇಕಿತ್ತು ಅನ್ನಿಸಿತು.

ಆಗ ಲೂರ್ದಮ್ಮನ ನೆನಪಾಯಿತು.
ನನ್ನ ತಂಗಿ, ಗಾಲ್ವೆಯಲ್ಲಿ ನರ್ಸು, ಏಳು ವರ್ಷವಾಯಿತು,
ಅಲ್ಲಿನ ಮುದುಕರಿಗೆ ರಾತ್ರಿ ಮಗ್ಗುಲು ಬದಲಿಸುವವಳು.
ಲಿಂಗರಾಜಪುರದ ನಮ್ಮ ಮಹಡಿ ಅವಳದು,
ದಾವೆಯ ವಕೀಲನ ಫೀಸೂ ಅವಳದೇ.
ನನ್ನಾಕೆ ಜಪಮಾಲೆ ಹಿಟ್ಟಿನ ಗಿರಣಿ ಹಾಕಿದ್ದು ಆ ಯೂರೋದಲ್ಲಿ,
ಬೆಳಿಗ್ಗೆ ಆರಕ್ಕೆ ಬೀದಿಗೆಲ್ಲ ರಾಗಿಯ ಧೂಳು.
ಲೆಕ್ಕ ಚುಕ್ತಾ ಅನ್ನಲೇ? ಅನ್ನಲಾರೆ.
ಸ್ಟೇಷನ್ನಿನ ಹೊರಗೆ ಕೂತವರಿಗೆ ಖಾತೆಯೇ ಇಲ್ಲ,
ನನ್ನ ರಿಜಿಸ್ಟರಿನಲ್ಲಿ ಅವರಿಗೊಂದು ಸಾಲೂ ಇಲ್ಲ.

ಗೋರಿ ಸಿಕ್ಕಿತು, ಪೂರ್ವದ ಗೋಡೆಯ ಹತ್ತಿರ.
ಕಲ್ಲು ಮುಕ್ಕಾಲು ಹೂತು "ಡೆವ" ಅಷ್ಟೇ ಮೇಲಿತ್ತು.
ಎತ್ತಿ ನಿಲ್ಲಿಸಲು ಎಷ್ಟಾಗುತ್ತೆ ಅಂತ ಕೇಳಿದಳು,
ಊರಿಗೆ ಹೋಗಿ ಕಳಿಸುತ್ತಾಳಂತೆ, ಖಾತೆ ನಂಬರು ಬರೆದುಕೊಂಡಳು.
ನಾನು ವಾಡಿಕೆಯಂತೆ ಹೇಳಿದೆ:
ಕಲ್ಲಿಗೆ ಹನ್ನೆರಡು ಸಾವಿರ, ಅಕ್ಷರಕ್ಕೆ ಬೇರೆ,
ಹುಲ್ಲು ಕೀಳುವ ಆಳಿಗೆ ಆರುನೂರು.

ಬಗ್ಗಿ, ಅಂಗೈಯಲ್ಲಿ ಅದನ್ನು ಒಮ್ಮೆ ಸವರಿದಳು.
ಹುಲ್ಲು ಇರಲಿ, ಅಂದಳು.