ಕೈಗಳ ಲೆಕ್ಕ

ನನ್ನ ಕೆಲಸ ಕೈಗಳನ್ನು ಎಣಿಸುವುದು.
ಯಾರೂ ನಂಬುವುದಿಲ್ಲ. ಯಶವಂತಪುರದ ಬಸ್ಸಿನಲ್ಲಿ
ಪಕ್ಕದ ಹೆಂಗಸು ಕೇಳಿದಳು: ಅದಕ್ಕೂ ಸಂಬಳ ಕೊಡ್ತಾರಾ?
ಕೊಡ್ತಾರೆ. ತಡವಾಗಿ, ಆದರೆ ಕೊಡ್ತಾರೆ.

ಎಳೆಗೂಸುಗಳ ಐಸಿಯು. ಹನ್ನೆರಡು ಗಾಜಿನ ತೊಟ್ಟಿಲು.
ಇನ್ನೂ ಹೆಸರಿಲ್ಲದವರು, ಅಮ್ಮಂದಿರ ಹೆಸರು ಅಂಟಿಸಿಕೊಂಡು
ಮಲಗಿದ್ದಾರೆ: ಶಾಹಿಸ್ತಾಳ ಮಗು, ಪುಟ್ಟಗೌರಿಯ ಮಗು,
ರೀಟಾಮೇರಿಯ ಅವಳಿ ಒಂದು, ಅವಳಿ ಎರಡು.
ಮೂಲೆಯಲ್ಲಿ ನಾನು, ಆಕ್ಸಿಜನ್ ರಿಜಿಸ್ಟರ್ ತಿರುವುವವಳಂತೆ
ನಟಿಸುತ್ತ, ಓರೆಗಣ್ಣಲ್ಲಿ ನೋಡಿ ಬರೆಯುತ್ತೇನೆ:
ಮುಟ್ಟುವ ಮುನ್ನ, ಮುಟ್ಟಿದ ಮೇಲೆ.
ಸರಿ. ತಪ್ಪು. ಸರಿ. ಸರಿ. ತಪ್ಪು.
ನೋಡುತ್ತಿದ್ದಾರೆಂದು ಗೊತ್ತಾದರೆ ಎಲ್ಲರ ಕೈಯೂ ಚೊಕ್ಕ,
ಅದಕ್ಕೇ ಈ ಕಳ್ಳಾಟ.

ನಮ್ಮ ಡಾಕ್ಟರ್ ಅನಂತಶಯನರ ಕೈಗುಣ ದೊಡ್ಡದು.
ಮಾಗಡಿಯಿಂದ ಮಾಲೂರಿನ ತನಕ ಹೇಳುತ್ತಾರೆ,
ಅವರು ಮುಟ್ಟಿದರೆ ಸಾಕು.
ನಾನೂ ಹೇಳಿದ್ದೇನೆ, ಲಿಫ್ಟಿನಲ್ಲಿ ಅಳುತ್ತಿದ್ದ ಅಜ್ಜಿಗೆ.
ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷ:
ಏಳನೇ ತೊಟ್ಟಿಲ ಹೊಕ್ಕುಳ ನೋಡಿದ ಆ ಕೈ
ಮೊಬೈಲು ಹಿಡಿದು, 'ಹೂಂ, ಊಟಕ್ಕೆ ಕಾಯಬೇಡ' ಎಂದು
ನೇರ ಒಂಬತ್ತಕ್ಕೆ ಹೋಯಿತು.
ನಡುವೆ ಗೋಡೆಯಲ್ಲಿ ನೀಲಿ ದ್ರವದ ಬಾಟಲಿ,
ಒಂದು ಗೇಣು ದೂರ.
ತಪ್ಪು, ಎಂದು ಬರೆದೆ. ಪೆನ್ನು ಸ್ವಲ್ಪ ನಡುಗಿತು.

ಶುಕ್ರವಾರ ಒಂಬತ್ತಕ್ಕೆ ಜ್ವರವಲ್ಲ, ಜ್ವರಕ್ಕಿಂತ ಕೆಟ್ಟದ್ದು.
ಮೈ ತಣ್ಣಗಾಯಿತು. ಹಾಲು ಒಲ್ಲದಾಯಿತು.
ಒಂದು ಕೆಜಿ ಮುನ್ನೂರು ಗ್ರಾಂ ತೂಗುವ ಶಾಹಿಸ್ತಾಳ ಮಗುವಿನ
ಎರಡು ಹನಿ ರಕ್ತದಲ್ಲಿ ಏನೋ ಬೆಳೆಯಿತು;
ಲ್ಯಾಬಿನವರು ಫೋನಿನಲ್ಲಿ ಉದ್ದದ ಹೆಸರು ಹೇಳಿದರು.
ಮಗುವಿಗಿಂತ ಮೊದಲು
ಅದರೊಳಗಿನ ಹುಳಕ್ಕೆ ನಾಮಕರಣ.

ಯಾರ ಕೈ? ಸಾಬೀತು ಮಾಡಲಾಗದು ಯಾರಿಂದಲೂ.
ನಾನು ಮಾತ್ರ ಮಂಗಳವಾರದ ಹಾಳೆ ತೆಗೆದು
ಆ ಸಾಲಿನ ಮೇಲೆ ಬೆರಳಿಟ್ಟು ಕೂತೆ, ಗೆದ್ದವಳಂತೆ.
ಆಗ ನೆನಪಾಯಿತು.
ಅವರು ಹೋದಮೇಲೆ ಒಂಬತ್ತರ ಟೋಪಿ ಕಣ್ಣಿಗೆ ಜಾರಿತ್ತು.
ಕಿಂಡಿಯೊಳಗೆ ಕೈ ತೂರಿ ಸರಿ ಮಾಡಿದವಳು ನಾನೇ,
ಬಸ್ಸಿನ ಕಂಬಿ, ಕ್ಯಾಂಟೀನಿನ ಚಿಲ್ಲರೆ,
ಬೆಳಗಿನಿಂದ ಕಚ್ಚುತ್ತಿದ್ದ ಪೆನ್ನು
ಎಲ್ಲ ಹಿಡಿದ ಕೈಯಲ್ಲಿ.
ಅದನ್ನು ಎಲ್ಲೂ ಬರೆದಿಲ್ಲ.
ಎಣಿಸುವ ಕೈಗೆ ಕಾಲಂ ಇಲ್ಲ.

ಕೈ ತೊಳೆದುಕೊಳ್ಳುವುದು ನಮ್ಮ ಮಾತಿನಲ್ಲಿ ಎರಡು ಥರ.
ಒಂದು ನಲ್ಲಿಯ ಕೆಳಗೆ.
ಇನ್ನೊಂದಕ್ಕೆ ನೀರೇ ಬೇಡ.

ಬಾಗಿಲ ಬಳಿ ಮುನಿರತ್ನಮ್ಮ ನೆಲ ಒರೆಸುತ್ತಾಳೆ.
ಅವಳವ್ವ ಹೊಸಕೋಟೆ ಕಡೆಯ ಹಳ್ಳಿಯಲ್ಲಿ
ಎತ್ತರದಿಂದ ಸುರಿದ ನೀರಿಗೆ ಬೊಗಸೆಯೊಡ್ಡಿ ಕುಡಿದವಳು,
ಚೊಂಬು ಮುಟ್ಟುವಂತಿರಲಿಲ್ಲ.
'ಆ ಮಡಿ ಬೇರೆ ಸಿಸ್ಟರ್, ಈ ಸೋಪು ಬೇರೆ.
ಅದು ನಮ್ಮನ್ನ ದೂರ ಇಡಕ್ಕೆ. ಇದು ಮುಟ್ಟಕ್ಕೆ.'
ಹೇಳಿ, ಮಾಪು ಹಿಂಡಿ, ಮುಂದಿನ ಮೂಲೆಗೆ ಹೋದಳು.

ಸೋಮವಾರ ರೌಂಡ್ಸು. ಅನಂತಶಯನರು, ಹಿಂದೆ ಎಂಟು ಬಿಳಿ ಕೋಟು.
ನಾನು ನನ್ನ ಹಾಳೆಯ ಮರೆಯಲ್ಲಿ. ಬಾಯಿ ಬಾರದು.
ಅವಳು ಮಾಪನ್ನು ಗೋಡೆಗೊರಗಿಸಿ ಅಂದಳು:
'ಸಾರ್, ಕೈ.'
ಎಂಟು ಕೋಟುಗಳ ಉಸಿರು ನಿಂತಿತು.
ಮಾನಿಟರೊಂದು ಕೂಗಿ, ತಾನೇ ಸುಮ್ಮನಾಯಿತು.
ಅವರು ಅವಳನ್ನು ನೋಡಿದರು. ಬಾಟಲಿಯನ್ನು ನೋಡಿದರು.
ಹರಳಿನ ಉಂಗುರ ತೆಗೆದು ಜೇಬಿಗೆ ಹಾಕಿದರು.
ಅಂಗೈಗೆ ಅಂಗೈ, ಬೆರಳ ಸಂದು, ಹೆಬ್ಬೆರಳ ಬುಡ,
ಈಗಷ್ಟೇ ಕಲಿಯುವವರ ಹಾಗೆ, ಇಪ್ಪತ್ತು ಸೆಕೆಂಡು.
ನಾನು ಎಣಿಸಿದೆ, ಅಭ್ಯಾಸಬಲ.

ಸಂಜೆ ಶಾಹಿಸ್ತಾ ಬೇಸಿನ್ನಿನ ಮುಂದೆ, ಬಳೆ ಬಿಚ್ಚಿಟ್ಟು.
ಕಾವೇರಿ ಇವತ್ತಿಲ್ಲ; ಟ್ಯಾಂಕರಿನ ಗಡಸು ನೀರು,
ಎಷ್ಟುಜ್ಜಿದರೂ ನೊರೆ ಏಳುವುದಿಲ್ಲ.
ಉಜ್ಜುತ್ತಾಳೆ. ಉಗುರಲ್ಲಿ ಸೀಮಂತದ ಗೋರಂಟಿ ಅರ್ಧ ಉಳಿದಿದೆ.
ಒಂಬತ್ತು ಇನ್ನೂ ಹಾಲು ಮುಟ್ಟಿಲ್ಲ.
ನಿನ್ನೆಗಿಂತ ಮೈ ಬೆಚ್ಚಗಿದೆ, ಅಷ್ಟೇ.
'ಸಾಕಾ ಸಿಸ್ಟರ್?'
ಇನ್ನೊಂಚೂರು, ಎನ್ನುತ್ತೇನೆ,
ಅವಳ ಪಕ್ಕದ ನಲ್ಲಿ ತಿರುಗಿಸುತ್ತ.