ಎರಡು ಅಂಕಿ, ನಡುವೆ ಒಂದು ಜಾಗ

ಶಾರ್ಜಾದ ಸಜಾದಲ್ಲಿ, ಗುಜರಿ ಯಾರ್ಡಿನಲ್ಲಿ,
ರಾತ್ರಿ ಎರಡೂವರೆಗೆ
ವೇಬ್ರಿಡ್ಜಿನ ಕೇಬಲನ್ನು ಇಲಿ ಕಡಿಯಿತು.
ತೂಕದ ಪರದೆಯಲ್ಲಿ ನಾಲ್ಕು ಗೀಟು.
ಗೇಟಿನಾಚೆ ಲಾರಿಗಳ ಸಾಲು, ಒಂದರ ಬೆನ್ನಿಗೊಂದು ಹಾರ್ನು,
ಆಗಸ್ಟಿನ ಸೆಕೆ ಕನ್ನಡಕದ ಮೇಲೆ ನೀರಾಗಿ ಇಳಿಯುತ್ತಿತ್ತು.

ಮೊಯ್ದಿನಬ್ಬ ರೋಲಾದಿಂದ ತಂದಿಟ್ಟಿದ್ದ ಹೊಸ ಕೇಬಲ್ಲು,
ಹದಿನಾಲ್ಕು ದಿರ್ಹಮಿನದ್ದು, ರಶೀದಿ ಇಲ್ಲದ್ದು,
ಚುಚ್ಚಿದೆ. ದೀಪ ಹತ್ತಿತು.
ಲಿನಕ್ಸ್ ಪೆಟ್ಟಿಗೆ ಅದನ್ನು ಕಂಡಿತು,
ಕಂಪನಿಯ ಅಂಕಿ, ಮಾಲಿನ ಅಂಕಿ, ಎರಡನ್ನೂ ಓದಿತು,
ಆಮೇಲೆ ಸುಮ್ಮನೆ ಕೂತಿತು,
ಮದುವೆ ಮನೆಯ ಬಾಗಿಲಲ್ಲಿ ಗುರುತು ಸಿಗದ ನೆಂಟನನ್ನು
ನೋಡಿಯೂ ನೋಡದವರ ಹಾಗೆ.

"ಆಫ್ ಮಾಡಿ ಆನ್ ಮಾಡು ಪೂವಪ್ಪಾ" ಎಂದ ಮೊಯ್ದಿನಬ್ಬ.
ಅವನಿಗೆ ಎಲ್ಲ ಕಾಯಿಲೆಗೂ ಅದೇ ಕಷಾಯ.
ಆಗದು ಮಾರಾಯ. ತುಂಬಿ ಬಂದ ಹನ್ನೊಂದು ಗಾಡಿಗಳ ತೂಕ
ಇನ್ನೂ ಇದರ ನೆನಪಿನಲ್ಲೇ ಇದೆ,
ದುಬೈ ಆಫೀಸಿಗೆ ಹೋಗುವುದು ಬೆಳಿಗ್ಗೆ ಆರಕ್ಕೆ.
ಆ ಗಾಡಿಗಳು ಆಗಲೇ ಬರಿದಾಗಿವೆ.
ಹಳೇ ಎಸಿಗಳ ರಾಶಿಯಲ್ಲಿ ಯಾರ ತಾಮ್ರ ಎಷ್ಟೆಂದು
ನಾಳೆ ಯಾರು ಹೇಳುತ್ತಾರೆ?

ಒಳಗಿನ ಡ್ರೈವರಿಗೆ ಈ ಕೇಬಲ್ಲಿನ ಭಾಷೆ ಬರುತ್ತದೆ.
ಹೇಗೆ ಕೇಳಬೇಕು, ಎಷ್ಟು ಕಾಯಬೇಕು, ಎಲ್ಲ ಗೊತ್ತು.
ಅದರ ಪಟ್ಟಿಯಲ್ಲಿ ಈ ಅಂಕಿ ಇಲ್ಲ, ಅಷ್ಟೇ.
ಹೊರಗಿನ ಡ್ರೈವರ್ ಗುಲ್ ಜಮಾನ್
ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದಾನೆ.
ಮೂವತ್ತು ವರ್ಷ ಟ್ರೇಲರ್ ಓಡಿಸಿದವನು,
ಊರಲ್ಲಿ ಕ್ರೇನನ್ನೂ ಆಡಿಸಿದವನು;
ಇಲ್ಲಿ ಹತ್ತಿಸುವುದಿಲ್ಲ, ಅವನ ಕಾರ್ಡಿನಲ್ಲಿ ಆ ಅಕ್ಷರ ಇಲ್ಲ.
ಇದರದ್ದೂ ನಿನ್ನದೇ ಕಥೆ ಎಂದೆ ಹಿಂದಿಯಲ್ಲಿ.
ಅವನು ನಗಲಿಲ್ಲ.
ನಸ್ವಾರ್ ಉಗುಳಿ, ಇನ್ನೆಷ್ಟು ಹೊತ್ತು ಎಂದ.

ಡ್ರೈವರಿನ ಮನೆಗೊಂದು ಕಿಂಡಿ ಇದೆ,
ಹೊಸ ಗುರುತು ಹಾಕಲೆಂದೇ ಇಟ್ಟ ಪುಟ್ಟ ಫೈಲು.
ಅಲ್ಲಿ ಎರಡು ಅಂಕಿ ಬರೆದೆ, ನಡುವೆ ಒಂದು ಜಾಗ ಬಿಟ್ಟು:
ಸೊನ್ನೆ ಒಂಬತ್ತು ಸಿ ನಾಲ್ಕು.
ಏಳು ಎರಡು ಎರಡು ಎಫ್.
ಎಂಟರ್ ಒತ್ತುವ ಮುಂಚೆ ಕೈ ತಡೆಯಿತು.
ಅದು ಕೆದಕಿ ಕೇಳುವುದಿಲ್ಲ, ನಂಬಿಬಿಡುತ್ತದೆ.
ಪ್ರಿಂಟರನ್ನು ತಕ್ಕಡಿ ಎಂದರೂ ಹೂಂ ಅಂದು ಕೈಹಿಡಿಯುತ್ತದೆ,
ಆಮೇಲಿನ ಸುಳ್ಳು ತೂಕವೆಲ್ಲ ನನ್ನ ಲೆಕ್ಕಕ್ಕೆ.

ಒತ್ತಿದೆ.

ಯಾವುದೂ ನಿಲ್ಲಲಿಲ್ಲ. ಫ್ಯಾನು ಅದೇ ಶ್ರುತಿಯಲ್ಲಿ ತಿರುಗುತ್ತಿತ್ತು.
ನಾಲ್ಕು ಗೀಟು ಹೋಗಿ ಸೊನ್ನೆ ಬಂತು.
ಶಾಲೆಯಲ್ಲಿ ಎಷ್ಟೋ ಸೊನ್ನೆ ಪಡೆದವನು ನಾನು,
ಇಷ್ಟು ಚೆಂದದ್ದು ಒಂದೂ ಇರಲಿಲ್ಲ.

ಪರೀಕ್ಷೆಗೆಂದು ಮೊಯ್ದಿನಬ್ಬನೇ ಹೋಗಿ ವೇಬ್ರಿಡ್ಜಿನ ಮೇಲೆ ನಿಂತ,
ಲುಂಗಿ ಇಳಿಬಿಟ್ಟು, ಚಪ್ಪಲಿ ಕಳಚಿ, ದರ್ಗಾಕ್ಕೆ ಬಂದವನ ಹಾಗೆ.
ಇಪ್ಪತ್ತು ಇಪ್ಪತ್ತು ಕಿಲೋದಲ್ಲೇ ಎಣಿಸುವ ಯಂತ್ರ
ಅವನನ್ನು ಎಂಬತ್ತು ಅಂದಿತು.
"ನಾನು ಎಪ್ಪತ್ತೊಂದು! ಬಾಕಿ ಒಂಬತ್ತು ಯಾರದ್ದು?"
ಬೆವರಿನದ್ದಿರಬೇಕು ಎಂದೆ.
ಆಗ ನಕ್ಕ ಗುಲ್ ಜಮಾನ್, ಯಾರು ಏನು ಹೇಳಿದರೆಂದು ತಿಳಿಯದೆಯೇ.

ಬಾಂಗಿನ ಹೊತ್ತಿಗೆ ಸಾಲು ಕರಗಿತ್ತು.
ನಾನು ಬರೆದದ್ದು ಪೆಟ್ಟಿಗೆ ಎಚ್ಚರ ಇರುವ ತನಕ.
ಡಿಸ್ಕಿಗೆ ಬೀಗ ಹಾಕಿ ಕಳಿಸಿದ್ದಾರೆ ಮಾರಿದವರು;
ಕರೆಂಟು ಹೋಗಿ ಬಂದರೆ
ಹದಿನಾಲ್ಕು ದಿರ್ಹಮಿನ ಈ ನೆಂಟ ಮತ್ತೆ ಬಾಗಿಲಲ್ಲೇ.
ಅದಕ್ಕೇ, ಹಗಲು ಪಾಳಿಯ ನೇಪಾಳಿ ಹುಡುಗನಿಗೆ ಕಾಣುವಂತೆ
ಮಾನಿಟರಿನ ಅಂಚಿಗೆ ಬಿಳಿ ಟೇಪು ಅಂಟಿಸಿ
ಎರಡೂ ಅಂಕಿ ಬರೆದಿಟ್ಟೆ.
ನಡುವಿನ ಜಾಗ ಅವನಿಗೆ ತಿಳಿಯದೆ ಹೋದೀತೆಂದು
ಅಲ್ಲಿಗೊಂದು ಬಾಣ ಎಳೆದೆ:
ಇಲ್ಲಿ ಏನೂ ಬರೆಯಬೇಡ.